ಗಂಟೆಯ ಜಾಗದಲ್ಲಿ ಕೂತವಳು

ಆ ಬೀದಿಯಲ್ಲಿ ಹೊಲಿಗೆಯಣ್ಣ ಎಂದರೆ ಸಮವಸ್ತ್ರದ ಜೇಬಿಗೆ ಶಾಲೆಯ ಲಾಂಛನ, ಟೋಪಿಗೆ ಕಂಪನಿಯ ಹೆಸರು ಹೊಲಿದುಕೊಡುವವರು. ಅವರ ಎಂಬ್ರಾಯ್ಡರಿ ಯಂತ್ರವನ್ನು ನಡೆಸುತ್ತಿದ್ದುದು ಮೂಲೆಯ ಹಳೆಯ ಕಂಪ್ಯೂಟರ್. ಆ ಕಂಪ್ಯೂಟರನ್ನು ನಡೆಸುತ್ತಿದ್ದುದು ಅವರ ಹೆಂಡತಿ. ದಾರ ಕಡಿದರೆ ಕಂಪ್ಯೂಟರ್ ಟಿಂಗ್ ಎಂದು ಗಂಟೆ ಹೊಡೆಯುತ್ತಿತ್ತು. ಯಂತ್ರದ ಗದ್ದಲದಲ್ಲಿ ಅಣ್ಣನಿಗೆ ಕೇಳಿಸುತ್ತಿರಲಿಲ್ಲ. ಆಕೆ ಒಂದು ದಿನ ಮೈಕ್ ಹಿಡಿದು ಗಂಟೆಯ ಬದಲಿಗೆ ತನ್ನ ದನಿಯನ್ನೇ ಸೇರಿಸಿದರು: "ರೀ, ದಾರ ಕಡೀತು!" ಅಣ್ಣ ಬಂದು ಕೀಲಿ ಒತ್ತುವವರೆಗೂ ಅದು ಎರಡೆರಡು ಸೆಕೆಂಡಿಗೊಮ್ಮೆ ಮತ್ತೆ ಮೊದಲಿಂದ ಕೂಗುತ್ತಿತ್ತು.

ಆಕೆ ತೀರಿಕೊಂಡ ಮೇಲೂ ದನಿ ಕೆಲಸಕ್ಕೆ ತಪ್ಪಲಿಲ್ಲ. ಈಚೆಗೆ ಅಣ್ಣ ಯಾಕೋ ಕಳಪೆ ದಾರವನ್ನೇ ತರುತ್ತಿದ್ದರು.

ಒಂದು ಬೆಳಗ್ಗೆ ಕಂಪ್ಯೂಟರ್ ಏಳಲಿಲ್ಲ. ಕಪ್ಪು ಪರದೆ, ಯಾವುದೋ ಫೈಲು ಕಾಣೆ ಎಂಬ ಒಂದು ಸಾಲು. ಹೊಲಿಗೆಯ ತಂತ್ರಾಂಶ ಓಡುವುದು ಆ ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಮಾತ್ರ. ಅಣ್ಣ ಯಾರನ್ನೋ ಕಾಡಿ ಅದರ ಫೈಲು ತಂದು, ಬೇರೆಯವರ ಕಂಪ್ಯೂಟರಿನಲ್ಲಿ ತಾವೇ ಒಂದು ಸಿ.ಡಿ. ಡಿಸ್ಕಿಗೆ ಹಾಕಿ ನೋಡಿದರು. ಆಗದೆ, ಕಂಪ್ಯೂಟರನ್ನೇ ಹೊತ್ತು ಬೀದಿಯ ಕೊನೆಯ ರಿಪೇರಿ ಅಂಗಡಿಗೆ ಬಂದರು.

"ಡಿಸ್ಕ್ ಹಾಕಿದ್ರೂ ಇದು ಕಣ್ಣೆತ್ತಿಯೂ ನೋಡ್ತಿಲ್ಲ ಕಣಮ್ಮ."

ಅಂಗಡಿಯಾಕೆ ಡಿಸ್ಕನ್ನು ತೆರೆದು ನೋಡಿದರು. ಒಳಗೆ ಒಂದೇ ಒಂದು ದೊಡ್ಡ ಫೈಲು.

"ಅಣ್ಣಾ, ಮೊಟ್ಟೆ ಒಡೀದೆ ಬಾಣಲೆಗೆ ಇಟ್ಟಿದೀರಲ್ಲ! ಇದನ್ನ ಹಾಗೇ ನಕಲು ಮಾಡಬಾರದು. ಇಮೇಜ್ ಅಂತ ಬಿಡಿಸಿ ಬರೀಬೇಕು. ಆಗಲೇ ಕಂಪ್ಯೂಟರ್ ಡಿಸ್ಕಿಂದ ಏಳೋದು."

"ಅಡುಗೆಮನೇಲೂ ನನ್ನ ಹಣೆಬರಹ ಇಷ್ಟೇ ಬಿಡಮ್ಮ."

ಆಕೆ ಹೊಸ ಡಿಸ್ಕನ್ನು ಅತಿ ಕಡಿಮೆ ವೇಗದಲ್ಲಿ ಬರೆದರು. ಅವಸರದಲ್ಲಿ ಬರೆದದ್ದನ್ನು ಹಳೆಯ ಡ್ರೈವ್‌ಗಳು ಓದುವಾಗ ತಡವರಿಸುತ್ತವೆ. ಮೊದಲು ಡಿಸ್ಕನ್ನೇ ಓದುವಂತೆ ಕಂಪ್ಯೂಟರಿಗೆ ಹೇಳಿ ಚಾಲೂ ಮಾಡಿದರು. ಸಿಸ್ಟಂ ಹಾಕುವ ನೀಲಿ ಪರದೆ ಬಂತು.

"ಅವಳ ದನಿ ಹೋಗಲ್ಲ ತಾನೆ? ಹೊಲಿಗೆ ಹಾಳಾಗಿ ಹೋಗ್ಲಿ. ಅದು ಉಳಿದ್ರೆ ಸಾಕು."

"ಹೊಸದಾಗಿ ಹಾಕಿದ್ರೆ ಎಲ್ಲಾ ಅಳಿಸಿಹೋಗತ್ತೆ. ದುರಸ್ತಿ ಅಂತ ಕೊಟ್ರೆ ನಿಮ್ಮ ಫೈಲುಗಳು ಇದ್ದಲ್ಲೇ ಇರ್ತವೆ." ಬೆರಳು ಕೀಲಿಯ ಮೇಲಿತ್ತು. "ಅತ್ತಿಗೆ ಅದನ್ನ ಎಲ್ಲಿಟ್ಟಿದ್ರು?"

"ಯಾರಿಗ್ಗೊತ್ತು? ಗಂಟೇನ ಎಬ್ಬಿಸಿ ಅದರ ಜಾಗದಲ್ಲಿ ನಾನೇ ಕೂತಿದೀನಿ ಅಂತ ನಗ್ತಿದ್ಳು."

ಬೆರಳು ನಿಂತಿತು. ಗಂಟೆ ಸಿಸ್ಟಂನ ಸ್ವಂತ ಫೈಲು. ಅತ್ತಿಗೆ ಅದೇ ಹೆಸರಿನಲ್ಲಿ ತನ್ನ ದನಿಯನ್ನು ಅದರ ಮೇಲೇ ಉಳಿಸಿದ್ದರೆ, ಸಿಸ್ಟಂನ ಫೈಲುಗಳನ್ನೆಲ್ಲ ಮತ್ತೆ ಹಾಕುವ ದುರಸ್ತಿ ಗಂಟೆಯನ್ನು ವಾಪಸು ತಂದು ಕೂರಿಸುತ್ತದೆ. ದನಿ ಎದ್ದು ಹೋಗಬೇಕಾಗುತ್ತದೆ.

ಅಂಗಡಿಯಾಕೆ ಕಂಪ್ಯೂಟರ್ ಆರಿಸಿದರು. ಹಾರ್ಡ್‌ಡಿಸ್ಕನ್ನು ಬಿಚ್ಚಿ ತಮ್ಮ ಕಂಪ್ಯೂಟರಿಗೆ ಜೋಡಿಸಿ, ಸಿಸ್ಟಂನ ಶಬ್ದಗಳ ಫೋಲ್ಡರನ್ನು ತೆರೆದರು. ಎಲ್ಲ ಫೈಲುಗಳಿಗೂ ಒಂದೇ ತಾರೀಖು, ಗಂಟೆಗೆ ಮಾತ್ರ ಬೇರೆ. ಗಾತ್ರವೂ ಗಂಟೆಯದಲ್ಲ. ಮೊದಲು ನಕಲು ತೆಗೆದುಕೊಂಡು, ಆಮೇಲೆ ಹಾಕಿದರು.

"ರೀ, ದಾರ ಕಡೀತು!"

ಅಣ್ಣ ಮೇಜಿನ ಅಂಚು ಹಿಡಿದುಕೊಂಡರು. ಮಾತು ಮುಗಿದರೂ ಪರದೆಯ ಮೇಲೆ ಗೆರೆ ಸರಿಯುತ್ತಲೇ ಇತ್ತು. ಎರಡು ಸೆಕೆಂಡಿಗೇ ಮತ್ತೆ ಮೊದಲಿಂದ ಶುರುವಾಗುತ್ತಿದ್ದ ಆ ದನಿಯ ಫೈಲು ಮುಂದೆ ಹೋಗಿದ್ದು ಇದೇ ಮೊದಲು. ಫ್ಯಾನಿನ ಸದ್ದು. ಒಂದು ಸಣ್ಣ ಕೆಮ್ಮು. ಮತ್ತೆ ಅದೇ ದನಿ:

"ಕೇಳಿಸ್ತಾ? ಸ್ವಲ್ಪ ಬನ್ನಿ ಇಲ್ಲಿ. ಏನೋ ಹೇಳ್ಬೇಕು."

ದೂರದಿಂದ ಒಂದು ಗಂಡುದನಿ, ಅಣ್ಣನದೇ, ಈಗಿನದಕ್ಕಿಂತ ಗಟ್ಟಿ: "ಬಂದೆ ಇರೇ, ಇದೊಂದು ಮುಗಿಸ್ತೀನಿ."

ಗೆರೆ ಕೊನೆಗೆ ಮುಟ್ಟಿ ನಿಂತಿತು.

"ಆಮೇಲೆ?" ಅಣ್ಣ ಕೇಳಿದರು. "ನಾನು ಹೋದ್ನಾ?"

"ಫೈಲು ಅಲ್ಲಿಗೇ ಮುಗೀತು, ಅಣ್ಣ."

ಅವರು ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಇನ್ನೊಂದ್ಸಲ ಹಾಕಮ್ಮ. ನೆನಪಾಗಬಹುದು."