ಮಾವನ ದೀಪದ ಮೀನು

ದೆವ್ವ, ಪವಾಡ ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವನು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಈಗ ಟೆಂಪೊ ಓಡಿಸುತ್ತೇನೆ. ಬಂದರಿನಿಂದ ಮೀನು ತುಂಬಿಕೊಂಡು ಬಂದು ಕಾಮೋಠೆ ಕಡೆಯ ಹೋಟೆಲುಗಳಿಗೆ ಹಾಕುವುದು ನನ್ನ ಕೆಲಸ. ಸತ್ತ ಮೀನು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ವರ್ತಕ ನಗರದ ಒಂದು ಬಾತ್‌ರೂಮಿನಲ್ಲಿ ಕಂಡದ್ದು ಇನ್ನೂ ತಲೆಯಿಂದ ಹೋಗಿಲ್ಲ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಅದು ನನ್ನ ಅಮ್ಮನ ಅಣ್ಣ ಬಾಬು ಮಾವನ ಮನೆ. ಮಾವ ಪ್ರಾಯದಲ್ಲಿ ಸಮುದ್ರದ ಸರ್ವೆ ಮಾಡುವ ಹಡಗಿನಲ್ಲಿ ಅಡುಗೆಗೆ ಇದ್ದವರು. ಅಲ್ಲಿನ ಒಂದು ಕಥೆಯನ್ನು ನಾನು ಚಡ್ಡಿ ಹಾಕುವ ಕಾಲದಿಂದ ಕೇಳಿದ್ದೇನೆ. ಬೆರಳಿನಷ್ಟೇ ಉದ್ದದ ಮೀನು, ದೊಡ್ಡ ಕಣ್ಣು, ಹೊಟ್ಟೆಯಡಿ ಸಾಲಾಗಿ ದೀಪ. ಹಗಲೆಲ್ಲ ಕತ್ತಲೆ ಆಳದಲ್ಲಿ ಇರುತ್ತದೆ. ರಾತ್ರಿ ಸಣ್ಣ ಸಿಗಡಿಯಂಥದ್ದನ್ನು ತಿನ್ನಲು ಮೇಲೆ ಬಂದು, ಬೆಳಗಾಗುವ ಮೊದಲು ವಾಪಸ್. "ನಮ್ಮ ಲೋಕಲ್ ಟ್ರೇನಿನ ಜನದ ಹಾಗೆ ಅಪ್ ಡೌನ್. ಪರ್ಮನೆಂಟ್ ನೈಟ್ ಶಿಫ್ಟ್," ಎನ್ನುತ್ತಿದ್ದರು ಮಾವ. ನಮ್ಮ ಅರಬ್ಬಿ ಸಮುದ್ರದಲ್ಲಿ, ಅದರಲ್ಲೂ ಒಮಾನ್ ಕಡೆ, ಈ ಮೀನು ಎಷ್ಟು ಉಂಟೆಂದರೆ, ಅದರ ಹಿಂಡು ಮೇಲೆ ಬರುವಾಗ ಹಡಗಿನ ಆಳ ಅಳೆಯುವ ಮಿಷನ್ನಿಗೆ ಸಮುದ್ರದ ತಳವೇ ಎದ್ದು ಬಂದ ಹಾಗೆ ಕಾಣುತ್ತಿತ್ತಂತೆ. ದೀಪ ಇರುವುದು ಅಡಗಿಕೊಳ್ಳಲಿಕ್ಕೆ. ಕೆಳಗಿನಿಂದ ದೊಡ್ಡ ಮೀನು ನೋಡಿದರೆ ನೆರಳು ಕಾಣಬಾರದಲ್ಲ, ಅದಕ್ಕೆ ಮೇಲೆ ಎಷ್ಟು ಬೆಳಕು ಇದೆಯೋ ಅಷ್ಟನ್ನೇ ಹೊಟ್ಟೆಯಡಿ ಹೊತ್ತಿಸಿಕೊಳ್ಳುತ್ತದಂತೆ.

ಮಾವನ ಹೆಂಡತಿ ಗುಲಾಬಿ ಅತ್ತೆಗೆ ಇದು ಬಾಯಿಪಾಠ. ಆದರೆ ಒಂದಕ್ಷರವೂ ನಂಬಿಕೆ ಇರಲಿಲ್ಲ. "ಅದರ ಲೈಟ್ ಬಿಲ್ ಯಾರು ಕಟ್ಟುದು? ನೀವಾ?" ಎನ್ನುತ್ತಿದ್ದರು.

"ಗಂಡಿಗೆ ಬಾಲದ ಮೇಲೊಂದು ದೀಪ, ಹೆಣ್ಣಿಗೆ ಬಾಲದ ಕೆಳಗೆ ಮಾರಾಯ್ತಿ. ಕತ್ತಲೆಯಲ್ಲೂ ಗಂಡ ಹೆಂಡ್ತಿಗೆ ಗುರ್ತ ಸಿಗ್ತದೆ."

"ನಾನು ನಿಮ್ಮನ್ನು ಹಗಲಲ್ಲೇ ನೋಡಿ ಒಪ್ಪಿದ್ದು. ಆದ್ರೂ ಮೋಸ ಹೋದೆ."

ಹೀಗೇ ಅವರ ಸಂಸಾರ ನಡೆದಿತ್ತು. ಆಮೇಲೆ ಮಾವನಿಗೆ ಗಂಟಲಿನ ಕ್ಯಾನ್ಸರ್ ಬಂತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ಆದರೆ ಸ್ವರ ಹೋಗುತ್ತದೆ ಎಂದರು ಡಾಕ್ಟರು. ಮಾತಾಡದೆ ಊಟವೂ ಸೇರದ ಮನುಷ್ಯ ಅವರು. ಒಂದು ದಿನ ನನ್ನ ಕೈ ಹಿಡಿದು ಒರಟು ಸ್ವರದಲ್ಲಿ ಹೇಳಿದರು: "ಎಷ್ಟೋ ಬುರುಡೆ ಬಿಟ್ಟಿದ್ದೇನೆ ಮಾರಾಯ. ಇದೊಂದು ನಿಜ. ಸ್ವರ ಹೋಗುವ ಮೊದಲು ಇವಳು ಒಮ್ಮೆ ಹೌದು ಅನ್ಬೇಕು."

ನಾನು ಬಂದರಿನಲ್ಲಿ ದೂರ ಹೋಗುವ ಬೋಟಿನವರಿಗೆಲ್ಲ ಹೇಳಿಟ್ಟೆ. ನಕ್ಕರು. ಕೊನೆಗೆ ಒಬ್ಬ, ಕೋಳಿ ಆಹಾರಕ್ಕೆ ಹೋಗುವ ಕಸದ ಮೀನಿನ ರಾಶಿಯಿಂದ ಒಂದನ್ನು ಎತ್ತಿ ಐಸಿನಲ್ಲಿ ಹಾಕಿ ಕೊಟ್ಟ. ಚರ್ಮ ಅರ್ಧ ಸುಲಿದಿತ್ತು. ಹೊಟ್ಟೆಯಡಿ ಸಾಸಿವೆಯಂಥ ಚುಕ್ಕಿಗಳ ಸಾಲು ಮಾತ್ರ ಇತ್ತು.

ಮಧ್ಯಾಹ್ನ ಒಯ್ದೆ. ಮಾವ ಮಗುವಿನ ಹಾಗೆ ಕುಣಿದರು. ಕತ್ತಲೆ ಬೇಕು ಎಂದರು. ಆ ಮನೆಯಲ್ಲಿ ಕತ್ತಲೆ ಸಿಗುವ ಜಾಗ ಬಾತ್‌ರೂಮು ಒಂದೇ.

"ಬಾತ್‌ರೂಮಿಗೆ ಮೀನಾ? ಈಗಷ್ಟೇ ಫಿನಾಯಿಲ್ ಹಾಕಿ ತೊಳೆದದ್ದು!" ಎಂದು ಅತ್ತೆ ಬೈದರು. ಬೈಯುತ್ತಲೇ ಒಳಗೆ ಬಂದರು. ಬಕೆಟ್ಟು, ವಾಷಿಂಗ್ ಮಿಷನ್ನು, ನಡುವೆ ನಾವು ಮೂವರು. ಗಾಳಿಕಿಂಡಿಗೆ ನಾನು ಟವೆಲ್ ತುರುಕಿದೆ. ಮಾವ ಮೀನನ್ನು ಅತ್ತೆಯ ಅಂಗೈಯಲ್ಲಿಟ್ಟರು. ಬಾಗಿಲು ಹಾಕಿ ಲೈಟ್ ಆರಿಸಿದೆ. ನನ್ನ ಮೊಬೈಲು ಹೊರಗೆ ಚಾರ್ಜಿಗಿತ್ತು, ಹಾಗಾಗಿ ಫೋಟೊ ಇಲ್ಲ.

ಸ್ವಲ್ಪ ಹೊತ್ತು ಏನೂ ಇಲ್ಲ. ಮಾವನ ಉಸಿರು ಮಾತ್ರ ಕೇಳುತ್ತಿತ್ತು. ಪಾಪ, ಸಾಕು, ಲೈಟ್ ಹಾಕುವಾ ಎಂದು ಕೈ ಎತ್ತಿದೆ. ಆಗ ಹೊತ್ತಿತು. ಗಂಟಲಿನಿಂದ ಬಾಲದವರೆಗೆ ನೀಲಿ ಚುಕ್ಕಿಗಳ ಸಾಲು, ಒಂದೊಂದೂ ಸೂಜಿಯ ತಲೆಯಷ್ಟು. ಆ ಬೆಳಕಿನಲ್ಲಿ ಅತ್ತೆಯ ಅಂಗೈಯ ಗೆರೆ ಕಂಡಿತು. ಬಾಲದ ಕೆಳಗೂ ಒಂದು ಹೊಳೆಯುತ್ತಿತ್ತು. ಆಮೇಲೆ ಆರಿತು.

"ಹೌದು ಮಾರಾಯ್ರೆ," ಅತ್ತೆಯ ಸ್ವರ ಬಂತು. "ಉರೀತು. ನಾನು ಕಂಡೆ."

"ಹೇಳಿದ್ನಲ್ಲ," ಎಂದರು ಮಾವ ಮೆಲ್ಲಗೆ.

ಹೊರಡುವಾಗ ಅತ್ತೆ ಲಿಫ್ಟಿನವರೆಗೆ ಬಂದರು. "ನಾನೇನೂ ಕಾಣ್ಲಿಲ್ಲ ಮಗಾ. ಬರೀ ಕತ್ತಲೆ. ಇವರಿಗೆ ಖುಷಿಯಾಗ್ಲಿ ಅಂತ ಹೇಳಿದ್ದು. ನೀನು ಬಾಯಿ ಬಿಡ್ಬೇಡ," ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಲಿಫ್ಟಿನ ಬಾಗಿಲು ಹಾಕಿಕೊಂಡಿತು.

ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಗೆ ಹೋದೆ. ಅತ್ತೆ ಚಹಾ ತರಲು ಹೋದಾಗ ಮಾವ ನನ್ನನ್ನು ಹತ್ತಿರ ಕರೆದರು. "ಸತ್ತ ಮೀನು ಉರೀತದಾ ಮಾರಾಯ? ಜೀವ ಇದ್ರೆ ಮಾತ್ರ. ಆಸೆಗೆ ನೋಡಿದ್ದು ಅಷ್ಟೆ. ನಂಗೂ ಏನೂ ಕಾಣ್ಲಿಲ್ಲ. ನಂಗೋಸ್ಕರ ಸುಳ್ಳು ಹೇಳಿದ್ಳು ಪಾಪ. ನಂಗೆ ಗೊತ್ತುಂಟು ಅಂತ ಅವಳಿಗೆ ಹೇಳ್ಬೇಡ." ಅವರ ಸ್ವರದಲ್ಲಿ ನಾನು ಕೇಳಿದ ಕೊನೆಯ ಮಾತು ಅದು.

ಹಳತಾದ ಮೀನಿನ ಮೇಲೆ ಬ್ಯಾಕ್ಟೀರಿಯಾ ಬೆಳೆದು ಮಿನುಗುವುದುಂಟು ಎಂದು ಆಮೇಲೆ ಒಬ್ಬ ಕಾಲೇಜು ಹುಡುಗ ಹೇಳಿದ. ಇರಬಹುದು. ಆದರೆ ಅದು ಸಾಲಾಗಿ ಹೊತ್ತಿ ಆರುತ್ತದಾ? ಪಕ್ಕದಲ್ಲೇ ನಿಂತ ಇಬ್ಬರಿಗೆ ಕಾಣದೆ ನನಗೊಬ್ಬನಿಗೇ ಕಾಣುತ್ತದಾ?

ಮಾವ ಈಗ ಆರಾಮಾಗಿದ್ದಾರೆ. ಮಾತಿಲ್ಲ. ಮನೆಗೆ ಯಾರೇ ಬಂದರೂ ಅತ್ತೆಯೇ ಆ ಕಥೆ ಶುರು ಮಾಡುತ್ತಾರೆ. ಒಮಾನ್, ನೈಟ್ ಶಿಫ್ಟ್, ಬಾಲದ ದೀಪ, ಒಂದನ್ನೂ ಬಿಡುವುದಿಲ್ಲ. ಎಲ್ಲಾದರೂ ತಪ್ಪಿದರೆ ಮಾವ ಕೈಸನ್ನೆ ಮಾಡಿ ತಿದ್ದುತ್ತಾರೆ. ಕೊನೆಗೆ ಅತ್ತೆ ಅಂಗೈ ಚಾಚುತ್ತಾರೆ. "ಸುಳ್ಳಲ್ಲ, ಇದೇ ಕೈಯಲ್ಲಿ ಉರಿದದ್ದು. ಬೇಕಾದ್ರೆ ಇವನನ್ನು ಕೇಳಿ."

"ಹೌದು, ಉರೀತು," ಎನ್ನುತ್ತೇನೆ.

ಆಗ ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡುತ್ತಾರೆ. ನಮಗೋಸ್ಕರ ಎಷ್ಟು ಚಂದ ಸುಳ್ಳು ಹೇಳುತ್ತಾನೆ ಎಂಬ ಪ್ರೀತಿ ಇಬ್ಬರ ಕಣ್ಣಲ್ಲೂ.