ಅನುಸೂಯಮ್ಮನ ಓಂಕಾಳಿನ ಕಷಾಯ

ನಮ್ಮ ಕಾರ್ಖಾನೆಯಲ್ಲಿ ತಿಂಗಳ ಹೊಟ್ಟೆನೋವಿಗೆ ಎರಡು ದಾರಿ. ಸಿಕ್ ರೂಮಿಗೆ ಹೋದರೆ ನರ್ಸ್ ಒಂದು ಮಾತ್ರೆ ಕೊಡುತ್ತಾಳೆ, ಸೂಪರ್‌ವೈಸರ್ ನಮ್ಮ ಹೆಸರು ಬರೆದುಕೊಳ್ಳುತ್ತಾನೆ. ಅನುಸೂಯಮ್ಮನ ಹತ್ತಿರ ಹೋದರೆ ಕಷಾಯ ಸಿಗುತ್ತದೆ, ಯಾರೂ ಏನೂ ಬರೆದುಕೊಳ್ಳುವುದಿಲ್ಲ. ಹುಡುಗಿಯರು ಎಲ್ಲಿಗೆ ಹೋಗುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪಿಲ್ಲಗುಂಪೆಯ ಈ ಗಾರ್ಮೆಂಟ್ಸಿನಲ್ಲಿ ನಾನು ಶರ್ಟು ಚೆಕ್ ಮಾಡುವವಳು, ಹೆಸರು ಚೈತ್ರ. ಅನುಸೂಯಮ್ಮ ಐರನ್ ಸೆಕ್ಷನ್ನಿನವರು. ವಯಸ್ಸು ಐವತ್ತಾರು, ಊರು ಅನುಗೊಂಡನಹಳ್ಳಿ. ಬೆಳಗ್ಗೆ ಬೇಗ ಎದ್ದು ಓಂಕಾಳು, ಒಣಶುಂಠಿ ಕುಟ್ಟಿ, ಬೆಲ್ಲ ಹಾಕಿ ಕುದಿಸಿ, ದೊಡ್ಡ ಫ್ಲಾಸ್ಕಿಗೆ ತುಂಬಿಕೊಂಡು ಬಸ್ ಹತ್ತುತ್ತಾರೆ. ಬ್ಯಾಗಿನಲ್ಲಿ ಕಲ್ಲುಪ್ಪು ಕಟ್ಟಿದ ಬಟ್ಟೆಯ ಗಂಟೊಂದು ಇದ್ದೇ ಇರುತ್ತದೆ. ಯಾವಳಾದರೂ ಮುಖ ಕಿವುಚಿಕೊಂಡು ಬಂದರೆ, ಶರ್ಟು ಒತ್ತುವ ಐರನ್ನನ್ನೇ ಆ ಗಂಟಿನ ಮೇಲೆ ನಾಲ್ಕು ಸಲ ಒತ್ತಿ, ಬಿಸಿಯಾದ ಮೇಲೆ ಕಿಬ್ಬೊಟ್ಟೆಗೆ ಇಟ್ಟುಕೋ ಎಂದು ಕೊಡುತ್ತಾರೆ. ವಿದೇಶಕ್ಕೆ ಹೋಗುವ ಶರ್ಟುಗಳು ಅಷ್ಟು ಹೊತ್ತು ಕಾಯುತ್ತವೆ.

ಒಂದು ಸಲ ಸೂಪರ್‌ವೈಸರ್ ಕೆಂಪರಾಜು ಇದನ್ನು ಕಂಡು ಕೂಗಾಡಲು ಬಂದ. ಅನುಸೂಯಮ್ಮ ಐರನ್ ಕೆಳಗಿಡದೆ, "ನಿಮ್ಮವ್ವಂಗೂ ಇದೇ ನೋವಿತ್ತು ಕಣಪ್ಪಾ. ಇಲ್ದಿದ್ರೆ ನೀನೆಲ್ಲಿರ್ತಿದ್ದೆ?" ಎಂದರು. ಅವತ್ತಿನಿಂದ ಅವನು ಆ ಕಡೆ ತಿರುಗುವುದನ್ನೇ ಬಿಟ್ಟ. ನನಗೆ ಬೋನಸ್ ಬಂದಾಗಲೂ ಅಷ್ಟು ಖುಷಿ ಆಗಿರಲಿಲ್ಲ.

ಈ ಕಾಳಜಿ ಅವರಿಗೆ ಸುಮ್ಮನೆ ಬಂದಿದ್ದಲ್ಲ. ಹದಿನಾಲ್ಕಕ್ಕೆ ಮೈನೆರೆದಾಗ ಎಳ್ಳು ಬೆಲ್ಲದ ಚಿಗಳಿ ತಿನ್ನಿಸಿ ಆರತಿ ಎತ್ತಿದ ಮನೆಯವರೇ, ಆಮೇಲೆ ತಿಂಗಳು ತಿಂಗಳು ಅವರು ನೆಲದ ಮೇಲೆ ಹೊರಳಾಡುವಾಗ ಮದುವೆಯಾದರೆ ಸರಿಹೋಗುತ್ತದೆ ಎಂದರಂತೆ. ಮದುವೆಯಾಯಿತು. ಒಂದು ಮಗುವಾದರೆ ಸರಿಹೋಗುತ್ತದೆ ಎಂದರು. ಎರಡಾದವು. ಕೊನೆಗೆ ಸರಿಹೋಗಿದ್ದು ನಲವತ್ತೊಂದನೇ ವಯಸ್ಸಿನಲ್ಲಿ, ಗರ್ಭಕೋಶವನ್ನೇ ತೆಗೆಸಿದ ಮೇಲೆ. ಈ ಕಷಾಯ ಆ ವರ್ಷಗಳಲ್ಲಿ ಅವರು ತಮಗಾಗಿ ಕಾಯಿಸಿಕೊಳ್ಳುತ್ತಿದ್ದದ್ದು. ಅವರಿಗೆ ಅಷ್ಟೋ ಇಷ್ಟೋ ನೋವು ಇಳಿಸುತ್ತಿತ್ತಂತೆ. ನನಗಂತೂ ಕುಡಿದು ಅರ್ಧ ಗಂಟೆಗೆ ಬೆನ್ನು ನೆಟ್ಟಗಾಗುತ್ತದೆ.

ಅವರಲ್ಲಿ ಇದ್ದ ಒಂದೇ ಕೆಟ್ಟ ಗುಣವೆಂದರೆ ಆ ಕಷಾಯದ ಮೇಲಿನ ಹೆಮ್ಮೆ. ಕೊಟ್ಟ ಸ್ವಲ್ಪ ಹೊತ್ತಿಗೇ ಬಂದು ಎದುರು ನಿಂತು, "ಕಡಿಮೆ ಆಯ್ತಲ್ಲಾ?" ಎನ್ನುತ್ತಿದ್ದರು. ಆ ಧ್ವನಿಗೆ ಇಲ್ಲ ಎನ್ನಲು ಎಂಟೆದೆ ಬೇಕು.

ಕೀರ್ತನ ನನ್ನ ಪಕ್ಕದ ಮಿಷನ್ನಿನಲ್ಲಿ ಕಾಲರ್ ಹೊಲಿಯುವ ಹುಡುಗಿ. ಇಪ್ಪತ್ತೊಂದು ವರ್ಷ. ತಿಂಗಳಿಗೆ ಎರಡು ದಿನ ಮುಖ ಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತಿತ್ತು. ವಾಂತಿ ಮಾಡಿಕೊಂಡು ಬಂದು ಮತ್ತೆ ಕಾಲರ್ ಎತ್ತಿಕೊಳ್ಳುತ್ತಿದ್ದಳು. ಎರಡು ವರ್ಷ ಅನುಸೂಯಮ್ಮ ಅವಳಿಗೆ ಕಷಾಯ ಕೊಟ್ಟರು. ಮೆಂತ್ಯ ಸೇರಿಸಿ ನೋಡಿದರು, ಜೀರಿಗೆ ಸೇರಿಸಿ ನೋಡಿದರು.

"ಕಡಿಮೆ ಆಯ್ತಲ್ಲಾ?"

"ಹೂಂ ದೊಡ್ಡಮ್ಮ, ಆಯ್ತು."

ಈ ವರ್ಷ ಯುಗಾದಿ ಕಳೆದ ವಾರ ಕೀರ್ತನಳ ತಾಯಿ ರುಕ್ಮಿಣಮ್ಮ ಸಂಜೆ ಗೇಟಿನ ಹತ್ತಿರ ಅನುಸೂಯಮ್ಮನಿಗಾಗಿ ಕಾಯುತ್ತಿದ್ದರು. "ಅಕ್ಕ, ಭಾನ್ವಾರ ಗಂಡಿನ ಕಡೆಯೋರು ಬರ್ತಾವ್ರೆ. ನಿಮ್ ಕಷಾಯದಲ್ಲಿ ಎಷ್ಟೋ ವಾಸಿ ಅಂತಾಳೆ. ಮಿಕ್ಕಿದ್ದು ಮದ್ವೆ ಆದ್ಮೇಲೆ ಸರಿಹೋಗುತ್ತಲ್ವಾ?"

"ಮೊದ್ಲು ಡಾಕ್ಟ್ರಿಗೆ ತೋರ್ಸವ್ವ" ಎಂದರು ಅನುಸೂಯಮ್ಮ.

"ಅಯ್ಯೋ, ಬಿಡ್ತು ಅನ್ನಿ. ಮದ್ವೆ ಆಗ್ದೆ ಇರೋ ಹುಡ್ಗೀನ ಹೆಂಗಸ್ರ ಡಾಕ್ಟ್ರ ಹತ್ರ ಕರ್ಕೊಂಡೋದ್ರೆ ಜನ ಏನಂತಾರೆ? ಗಂಡಿನೋರ ಕಿವಿಗೆ ಬಿದ್ರೆ ಮುಗೀತು."

ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ರುಕ್ಮಿಣಮ್ಮನನ್ನು ಬೈದೂ ಪ್ರಯೋಜನವಿಲ್ಲ, ನಮ್ಮ ಕಡೆ ಜನ ನಿಜವಾಗಿಯೂ ಹಾಗೇ ಆಡಿಕೊಳ್ಳುತ್ತಾರೆ. ಅನುಸೂಯಮ್ಮ ವಾದಕ್ಕೆ ಹೋಗಲಿಲ್ಲ. "ನನ್ ಹೆಸ್ರಲ್ಲೇ ಚೀಟಿ ಮಾಡಿಸ್ತೀನಿ. ನಿನ್ ಮಗ್ಳು ನನ್ ಜೊತೆಗೆ ಬಂದವ್ಳೆ ಅಷ್ಟೇ. ಯಾರ್ ಕೇಳ್ತಾರೆ?" ಎಂದರು. ರುಕ್ಮಿಣಮ್ಮ ಅರೆಮನಸ್ಸಿನಿಂದ ಒಪ್ಪಿದರು.

ಆ ಭಾನುವಾರಕ್ಕೆ ಮುಂಚೆಯೇ, ಮಂಗಳವಾರ ರಜೆ ಹಾಕಿ ಅನುಸೂಯಮ್ಮ, ಕೀರ್ತನ, ನಾನು ಮೂವರೂ ಹೊಸಕೋಟೆಯ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಚೀಟಿ ನೋಡಿ, "ಅನುಸೂಯಮ್ಮ, ಮುಟ್ಟು ನಿಂತು ಎಷ್ಟು ವರ್ಷ ಆಯ್ತು?" ಎಂದರು.

"ಗರ್ಭಕೋಶ ತೆಗ್ಸಿ ಹದಿನೈದ್ ವರ್ಷ ಆಯ್ತು ಮೇಡಂ."

"ಮತ್ತೆ, ಮುಟ್ಟಿನ ಹೊಟ್ಟೆನೋವು ಅಂತ ಬರೆಸಿದ್ದೀರಲ್ಲಮ್ಮ?"

ನಾನು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದೆ. ಅನುಸೂಯಮ್ಮ ನಿಜ ಒಪ್ಪಿಕೊಂಡರು. "ನೋವು ಈ ಮಗೂದು ಮೇಡಂ. ನಮ್ ಕಷಾಯದಲ್ಲಿ ಅರ್ಧಕ್ಕರ್ಧ ಕಡಿಮೆ ಆಗೈತೆ. ಮಿಕ್ಕಿದ್ದಕ್ಕೆ ನೀವೇನಾದ್ರೂ..."

"ಅವಳೇ ಹೇಳ್ಲಿ. ಎಷ್ಟು ಕಡಿಮೆ ಆಗಿದೆಯಮ್ಮ?"

ಕೀರ್ತನ ಅನುಸೂಯಮ್ಮನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. "ಒಂದ್ ತಿಂಗ್ಳೂ ಕಡಿಮೆ ಆಗಿಲ್ಲ ಮೇಡಂ."

ಡಾಕ್ಟರಮ್ಮ ಕೀರ್ತನಳ ಹೆಸರಿನಲ್ಲೇ ಬೇರೆ ಚೀಟಿ ಮಾಡಿಸಿ ಸ್ಕ್ಯಾನಿಂಗಿಗೆ ಕಳಿಸಿದರು. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡ, ನಿಂಬೆಹಣ್ಣಿನಷ್ಟು ದೊಡ್ಡ ಗುಳ್ಳೆ ಇತ್ತು. ಔಷಧಿ ಶುರು ಮಾಡೋಣ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ, ಇಳಿಯದಿದ್ದರೆ ಆಪರೇಷನ್ ಎಂದರು. ಕಷಾಯ, ಶಾಖ ಎಷ್ಟೋ ಹೆಣ್ಣುಮಕ್ಕಳಿಗೆ ಸಾಕಾಗುತ್ತದೆ, ಆದರೆ ಇಂಥ ನೋವಿಗೆ ಸಾಲದು ಎಂದು ಅನುಸೂಯಮ್ಮನಿಗೆ ಸಮಾಧಾನದಿಂದಲೇ ಹೇಳಿದರು.

ಹೊರಗೆ ಬೆಂಚಿನ ಮೇಲೆ ಕೂತು ಅನುಸೂಯಮ್ಮ ನನ್ನ ಫೋನ್ ಕೇಳಿ ಇಸಿದುಕೊಂಡರು. "ರುಕ್ಮಿಣಮ್ಮ, ನನ್ ಕಷಾಯದಿಂದ ಏನೂ ಆಗಿಲ್ಲ ಕಣವ್ವ. ಒಳ್ಗೆ ಗುಳ್ಳೆ ಐತಂತೆ, ಔಷ್ಧಿ ಕೊಟ್ಟವ್ರೆ. ಗಂಡಿನೋರ್ಗೆ ಸದ್ಯಕ್ ಬೇಡ ಅನ್ನು. ಮದ್ವೆಯಿಂದ ಇದು ಹೋಗಲ್ಲ, ನನ್ ಕೇಳು." ಆ ಕಡೆಯಿಂದ "ಆಯ್ತಕ್ಕ" ಎಂಬುದು ನನಗೂ ಕೇಳಿಸಿತು.

ಫೋನ್ ನನ್ನ ಕೈಗಿಟ್ಟು ಅವರು ಕೀರ್ತನಳ ಕಡೆ ತಿರುಗಿದರು. "ನಂಗ್ಯಾಕೆ ಸುಳ್ ಹೇಳ್ದೆ ಮಗಾ? ಬೇಜಾರ್ ಮಾಡ್ಕೋತೀನಿ ಅಂತಾನಾ?"

"ಇಲ್ಲ ದೊಡ್ಡಮ್ಮ. ನನ್ ನೋವು ಕೇಳ್ತಿದ್ದಿದ್ದು ನೀವೊಬ್ರೇ. ಕಡಿಮೆ ಆಗಿಲ್ಲ ಅಂದ್ರೆ ನೀವೂ ಕೇಳೋದ್ ಬಿಟ್ಬಿಡ್ತೀರೇನೋ ಅಂತ."

ಅನುಸೂಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು. ನಾನು ತಲೆ ಎತ್ತಲಿಲ್ಲ. ಎರಡು ವರ್ಷ ಅವಳ ಪಕ್ಕದಲ್ಲೇ ಕೂತಿದ್ದೆ, ಅವಳು ಹೊಲಿದ ಒಂದೊಂದು ಕಾಲರನ್ನೂ ತಿರುವಿ ನೋಡಿದ್ದೆ, ಅವಳನ್ನು ಮಾತ್ರ ಒಂದು ಸಲವೂ ಕೇಳಿರಲಿಲ್ಲ.