ದಾಕ್ಷಿಣ್ಯಕ್ಕೆ ಬಿದ್ದವರು

ನಿಘಂಟಿನಲ್ಲಿ ದಾಕ್ಷಿಣ್ಯ ಬಲು ಸಂಭಾವಿತ ಪದ. ಸಂಸ್ಕೃತದ ‘ದಕ್ಷಿಣ’ದಿಂದ ಹುಟ್ಟಿದ್ದು, ಸೌಜನ್ಯ, ಇನ್ನೊಬ್ಬರ ಮನಸ್ಸು ನೋಡಿಕೊಂಡು ನಡೆಯುವ ಗುಣ ಎಂದೆಲ್ಲ ಅರ್ಥ ಕೊಟ್ಟಿರುತ್ತಾರೆ. ಕನ್ನಡಕ್ಕೆ ಬಂದ ಮೇಲೆ ಅದು ಏನಾಯಿತೆಂದು ನಮ್ಮ ಮಾತೇ ಹೇಳುತ್ತದೆ. ನಾವು ದಾಕ್ಷಿಣ್ಯಕ್ಕೆ ಬೀಳುತ್ತೇವೆ, ದಾಕ್ಷಿಣ್ಯಕ್ಕೆ ಸಿಕ್ಕಿಕೊಳ್ಳುತ್ತೇವೆ. ಸೌಜನ್ಯಕ್ಕೆ ಯಾರಾದರೂ ಬೀಳುತ್ತಾರೆಯೇ? ಪಕ್ಕದ ಮನೆಯ ತೆಲುಗಿನವರು ಇದನ್ನು ಮೊಹಮಾಟಂ ಎನ್ನುತ್ತಿದ್ದರು. ಎದುರಿನವರ ಮುಖ ನೋಡಿದ ಕೂಡಲೇ ಮಾತು ಗಂಟಲಲ್ಲೇ ಉಳಿಯುವ ಸ್ಥಿತಿ. ಸ್ಕೂಲಿನ ತಮಿಳು ಮೇಷ್ಟ್ರಿಗೆ ತಾಟ್ಚಣ್ಯಂ ಎಂದರೆ ಕರುಣೆ. ಹೊಡೆಯುವ ಮೊದಲು ಅದು ತಮಗಿಲ್ಲ ಎಂದು ತಿಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅದು ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ. ಅಪ್ಪನ ಗೆಳೆಯರೊಬ್ಬರ ಭಾಮೈದನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ಮಾಗಡಿ ಕಡೆಯಿಂದ ನಮ್ಮಲ್ಲಿಗೆ ಬಂದ. ರೂಮು ಸಿಗುವವರೆಗೆ ಎರಡು ದಿನ ಎಂದಿದ್ದರು. ಮೂರನೆಯ ದಿನ ಹೊರಟು ನಿಂತವನನ್ನು ಅಪ್ಪ, ಇದೇನು ಬೇರೆಯವರ ಮನೆಯೇ ಎಂದು ತಡೆದರು. ನಮ್ಮ ಕಡೆ ಹಾಗೆ ಒಮ್ಮೆಯಾದರೂ ತಡೆಯಬೇಕು. ಹೊರಟವರು ಒಮ್ಮೆಯಾದರೂ ನಿಲ್ಲಬೇಕು. ಅವನು ನಿಂತ. ಒಂದೂವರೆ ವರ್ಷ ನಿಂತ.

ಒಳ್ಳೆಯವನು, ಅದೇ ತೊಂದರೆ. ಕೆಟ್ಟವನಾಗಿದ್ದರೆ ಜಗಳವಾಡಿ ಕಳಿಸಬಹುದಿತ್ತು. ನೈಟ್ ಶಿಫ್ಟ್ ಮುಗಿಸಿ ಬಂದು ಹಗಲೆಲ್ಲ ಮಲಗುತ್ತಿದ್ದ. ನಾವು ಪಿಸುಗುಟ್ಟುತ್ತ ಬದುಕಿದೆವು. ರೇಡಿಯೋ ಬಾಯಿ ಮುಚ್ಚಿತು. ಅಮ್ಮ ರುಬ್ಬುವುದನ್ನು ಸಂಜೆಗೆ ಮುಂದೂಡಿದಳು. ಅವನ ಚಾಪೆ ದಾಟದೆ ಬೀದಿಗೆ ಹೋಗುವಂತಿರಲಿಲ್ಲವಾದ್ದರಿಂದ, ಎಷ್ಟೋ ಮಧ್ಯಾಹ್ನ ಅವನು ಏಳುವವರೆಗೂ ಅಡುಗೆಮನೆಯಲ್ಲೇ ಕೂತಿರುತ್ತಿದ್ದಳು.

ಎರಡನೆಯ ವರ್ಷ, ದಸರಾ ಕಳೆದ ಮೇಲೆ, ಕೆಲಮಂಗಲದಲ್ಲಿ ಮಾವನ ಮನೆಯಲ್ಲಿದ್ದ ಅಜ್ಜಿ ಕಾಲು ಬಾತು ಹಾಸಿಗೆ ಹಿಡಿದಳು. ಇನ್ನು ಮಗಳ ಹತ್ತಿರ ಇರುತ್ತೇನೆ ಎಂದು ಹೇಳಿಕಳಿಸಿದಳು. ಎಲ್ಲಿ ಮಲಗಿಸುವುದು? ಒಳಕೋಣೆಯಲ್ಲಿ ನಾವೇ ಐದು ಜನ. ಮುಂದಿನ ಕೋಣೆ ಖಾಲಿಯಾಗಬೇಕು, ಅದಕ್ಕೆ ಯಾರಾದರೂ ಒಂದು ಮಾತು ಆಡಬೇಕು. ಗೆಳೆಯ ಏನಂದುಕೊಂಡಾನು ಎಂದು ಅಪ್ಪ ಹಿಂಜರಿದರು. ಅಮ್ಮ ದೀಪಾವಳಿ ಕಳೆಯಲಿ ಎಂದಳು, ಆಮೇಲೆ ಸಂಕ್ರಾಂತಿ ಕಳೆಯಲಿ ಎಂದಳು. ನನಗೆ ಹನ್ನೊಂದು ವರ್ಷ. ಒಂದು ಸಂಜೆ ತಡೆಯಲಾರದೆ, ನಾನೇ ಹೇಳುತ್ತೇನೆ ಎಂದು ಎದ್ದೆ. ಅಮ್ಮ ರಟ್ಟೆ ಹಿಡಿದು ಕೂರಿಸಿದಳು.

“ಬಾಯ್ ಮುಚ್ಕಂಡು ಕೂತ್ಕಳೇ. ದಾಕ್ಷಿಣ್ಯ ಗೀಕ್ಷಿಣ್ಯ ಏನೂ ಇಲ್ವಾ ನಿಂಗೆ?”

ಕೂತೆ. ಆ ಮನೆಯಲ್ಲಿ ಆ ಮಾತು ಆಡಬಲ್ಲವಳು ನಾನೊಬ್ಬಳೇ ಇದ್ದೆ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಸಂಕ್ರಾಂತಿಗೆ ಮೊದಲೇ ಅಜ್ಜಿ ಹೋಗಿಬಿಟ್ಟಳು. ಮತ್ತಿಗಿರಿಗೆ ಯಾವಾಗ ಕರೆದುಕೊಂಡು ಹೋಗುತ್ತಾರೆ ಎಂದು ಕೊನೆಯ ವಾರವೆಲ್ಲ ಕೇಳುತ್ತಿದ್ದಳಂತೆ.

ಕಾರ್ಯ ಮುಗಿಸಿಕೊಂಡು ಬಂದ ದಿನ ಅಮ್ಮ ಎಂದಿನಂತೆ ಅವನಿಗೆ ಬಡಿಸಿದಳು. ಅವನು ಅಜ್ಜಿಯ ವಿಷಯ ವಿಚಾರಿಸಿದ. ದುಃಖದಲ್ಲಿ ಅಮ್ಮನ ಬಾಯಿ ಜಾರಿತು. ಇಲ್ಲಿಗೆ ಬರಬೇಕೆಂದು ಆಸೆಪಟ್ಟಿದ್ದಳು, ಜಾಗವಿರಲಿಲ್ಲ ಎಂದುಬಿಟ್ಟಳು. ತಟ್ಟೆಯ ಮೇಲಿದ್ದ ಅವನ ಕೈ ಅಲ್ಲೇ ನಿಂತಿತು. ತಲೆ ಎತ್ತದೆಯೇ ಹೇಳಿದ.

“ದಸರಾದಾಗ್ಲೇ ರೂಮ್ ನೋಡ್ಕಂಡಿದ್ದೆ ಕಣಕ್ಕಾ. ಹೊಂಟೋಯ್ತೀನಿ ಅಂದ್ರೆ ನೀವು ನೊಂದ್ಕಂತೀರಾ ಅಂತ ಸುಮ್ಕಾಗ್ಬುಟ್ಟೆ.”

ಅಪ್ಪ ಗೋಡೆಯ ಕಡೆ ನೋಡಿದರು. ಅಮ್ಮ ಒಳಗೆ ಹೋಗಿ ಇನ್ನೊಂದು ಮುದ್ದೆ ತಂದು ಅವನ ತಟ್ಟೆಗೆ ಹಾಕಿದಳು. ಅವನಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಆದರೂ ಬೇಡ ಎನ್ನದೆ ಪೂರ್ತಿ ತಿಂದ.